ಕಡಲ ಭದ್ರತೆ ಓದಿದವರು ಯಾರ ಪರ ಮಾತಾಡಬೇಕು?

2023ರ ಕೊನೆಯಲ್ಲಿ ಯೆಮೆನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ ಟಿವಿಯವರಿಗೆಲ್ಲ ಕಡಲ ಭದ್ರತೆಯ ಪ್ರೊಫೆಸರ್‌ಗಳು ಬೇಕಾದರು. ಎರಡು ನಿಮಿಷ ಮಾತು, ಆಮೇಲೆ ಬ್ರೇಕ್. ಆ ಮಾತಿನ ಹಿಂದಿರುವ ವರ್ಷಗಟ್ಟಲೆ ಓದು ಯಾರ ಕಣ್ಣಿಗೂ ಬೀಳುವುದಿಲ್ಲ.

ಎಂಥ ಓದು ಅಂತೀರಾ? ದಕ್ಷಿಣ ಚೀನಾ ಸಮುದ್ರದ ವ್ಯಾಜ್ಯವನ್ನೇ ನೋಡಿ. ಫಿಲಿಪ್ಪೀನ್ಸ್ 2013ರಲ್ಲಿ ಚೀನಾ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಮಂಡಳಿಯಲ್ಲಿ ದಾವೆ ಹೂಡಿದ್ದು, ತೀರ್ಪು ಬಂದಿದ್ದು 2016ರ ಜುಲೈ 12ಕ್ಕೆ. ಆ ಸಮುದ್ರದಲ್ಲಿರುವ ಇಟು ಅಬಾ ಎಂಬ ಪುಟ್ಟ ನೆಲದ ಬಗ್ಗೆ ಅಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಕಾನೂನಿನ ಲೆಕ್ಕದಲ್ಲಿ ಅದು ಪೂರ್ಣ ದ್ವೀಪವಾದರೆ ಸುತ್ತ 200 ನಾಟಿಕಲ್ ಮೈಲಿವರೆಗೂ ಆರ್ಥಿಕ ವಲಯ, ಅಂದರೆ ಮೀನು, ತೈಲದಂಥ ಸಂಪತ್ತಿನ ಮೇಲೆ ಹಕ್ಕಿರುವ ಕಡಲು, ಸಿಗುತ್ತದೆ. ಬರೀ ಬಂಡೆಯಾದರೆ 12 ಮೈಲಿಯ ಪ್ರಾದೇಶಿಕ ಸಮುದ್ರ ಅಷ್ಟೇ. ಅಲ್ಲಿ ಕುಡಿಯೋ ನೀರಿತ್ತಾ, ಮಣ್ಣಲ್ಲಿ ಏನಾದರೂ ಬೆಳೆಯುತ್ತಿತ್ತಾ, ಹೊರಗಿನ ನೆರವಿಲ್ಲದೆ ಜನ ಬದುಕಿದ್ದರಾ? ಇದನ್ನು ತಿಳಿಯಲು ನ್ಯಾಯಮಂಡಳಿ ಬ್ರಿಟನ್, ಫ್ರಾನ್ಸ್‌ಗಳ ಹಳೇ ದಾಖಲೆಗಳನ್ನು ತರಿಸಿ ಓದಿತು. ಕೊನೆಗೆ ಬಂಡೆ ಅಂತ ತೀರ್ಮಾನವಾಯಿತು. ಚೀನಾ ಒಪ್ಪಲಿಲ್ಲ. ಇಂಥ ತೀರ್ಪು ಅರ್ಥವಾಗಬೇಕಾದರೆ ಕಾನೂನು, ಇತಿಹಾಸ, ಭೂಗೋಳ ಎಲ್ಲವೂ ಬೇಕು.

ಆದರೂ ಈ ವೃತ್ತಿಯಲ್ಲಿ ನಿಜವಾದ ಕಷ್ಟ ಓದಿನದ್ದಲ್ಲ, ಅಧಿಕಾರದ ಹತ್ತಿರ ಇರಬೇಕಾಗುವುದು. ವ್ಯಾಪಾರಿ ಹಡಗುಗಳು ತಾವೆಲ್ಲಿದ್ದೇವೆಂದು ತಿಳಿಸುವ ಎಐಎಸ್ ಸಿಗ್ನಲ್ ಯಾರು ಬೇಕಾದರೂ ನೋಡಬಹುದು. ಯುದ್ಧನೌಕೆಗಳಿಗೆ ಅದು ಕಡ್ಡಾಯವಲ್ಲ. ಗುಟ್ಟಾಗಿ ತೈಲ ಸಾಗಿಸುವವರು ಅದನ್ನು ಆಫ್ ಮಾಡಿಯೇ ಬಿಡುತ್ತಾರೆ. ಉಳಿದ ಮಾಹಿತಿ ಬೇಕೆಂದರೆ ಅಧಿಕಾರಿಗಳ ಜೊತೆ ಕೂರಬೇಕು, ಮುಚ್ಚಿದ ಬಾಗಿಲ ಸಭೆಗಳಿಗೆ ಹೋಗಬೇಕು. ಒಂದು ಖಾರವಾದ ಲೇಖನ ಬರೆದರೆ ಮುಂದಿನ ಸಭೆಗೆ ಕರೆ ಬರದೇ ಹೋಗಬಹುದು. ಈ ಭಯ ಒಳ್ಳೊಳ್ಳೆಯವರ ಬರಹವನ್ನೂ ಸಪ್ಪೆ ಮಾಡುತ್ತದೆ.

2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಪಾಲ್ ಜೋನ್ಸ್ ಲಕ್ಷದ್ವೀಪದ ಪಶ್ಚಿಮಕ್ಕೆ, ಭಾರತದ ಆರ್ಥಿಕ ವಲಯದೊಳಗೆ ಹಾದುಹೋಯಿತು. ಅನುಮತಿ ಕೇಳಿಲ್ಲ ಅಂತ ಅಮೆರಿಕವೇ ಹೇಳಿಕೆ ಕೊಟ್ಟಿತು. ನಮಗೆ ಸಿಟ್ಟು ಬಂತು, ಸಹಜ. ಸಮುದ್ರ ಕಾನೂನಿನ 1982ರ ಒಪ್ಪಂದವನ್ನು ಅಮೆರಿಕ ಇಂದಿಗೂ ಅನುಮೋದಿಸಿಲ್ಲ ಅಂತ ಎತ್ತಿ ತೋರಿಸುವುದು ಸುಲಭ. ಅದು ನಿಜವೂ ಹೌದು. ಆದರೆ ಆರ್ಥಿಕ ವಲಯದಲ್ಲಿ ಪರದೇಶದ ಸೇನಾ ಕಸರತ್ತಿಗೆ ನಮ್ಮ ಒಪ್ಪಿಗೆ ಬೇಕು ಎನ್ನುವ ಭಾರತದ ನಿಲುವು, ಆ ಒಂದು ವಿಷಯದಲ್ಲಿ, ಅಮೆರಿಕಕ್ಕಿಂತ ಚೀನಾದ ವಾದಕ್ಕೇ ಜಾಸ್ತಿ ಹತ್ತಿರ. ಇದನ್ನು ಜನರ ಮುಂದೆ ಬಿಡಿಸಿ ಹೇಳೋರು ಯಾರು? ಇದೇ ವಿಷಯ ಓದಿದ ಪ್ರೊಫೆಸರೇ ಅಲ್ವಾ?

ಹಾಗೆ ಹೇಳಿದವರಿಗೆ ದೇಶದ್ರೋಹಿ ಪಟ್ಟ ಕಟ್ಟುವುದು ದೊಡ್ಡ ಅನ್ಯಾಯ. ಎದುರಾಳಿಯ ವಾದ ಎಲ್ಲಿ ಗಟ್ಟಿ, ನಮ್ಮದು ಎಲ್ಲಿ ಸಡಿಲ ಅಂತ ಮೊದಲೇ ತಿಳಿದಿದ್ದರೆ ಮಾತುಕತೆಗೆ ಕೂರುವ ರಾಜತಾಂತ್ರಿಕರಿಗೇ ಲಾಭ.

ಈ ಕ್ಷೇತ್ರಕ್ಕೆ ಬರಬೇಕೆನ್ನುವ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಗೈಡ್ ಆರಿಸುವ ಮೊದಲು ಅವರ ಹಳೇ ಲೇಖನಗಳನ್ನು ತೆಗೆದು ಓದಿ. ತಮ್ಮ ಸರ್ಕಾರಕ್ಕೆ ಇಷ್ಟವಾಗದ್ದನ್ನು ಒಮ್ಮೆಯಾದರೂ ಬರೆದಿದ್ದಾರಾ ನೋಡಿ. ವಿಶ್ವವಿದ್ಯಾಲಯಗಳು ಇಂಥವರಿಗೆ ಖಾಯಂ ಹುದ್ದೆ ಕೊಡಲೇಬೇಕು. ವರ್ಷ ವರ್ಷ ಕಾಂಟ್ರಾಕ್ಟ್ ನವೀಕರಣಕ್ಕೆ ಕಾಯುವವರಿಂದ ನೇರ ಮಾತು ಬಯಸುವುದು ಸರಿಯಲ್ಲ.