ಡಬ್ಬಿ ಬಿಚ್ಚಿದ್ರೆ ಒಳಗೆ ಬರೀ ಚೀಟಿ

ನಿನ್ನೆ ಅಕ್ಕನ ಮಗನ ಬರ್ತ್‌ಡೇ. ತುಂಬಾ ದಿನದಿಂದ ಅವನು ಕೇಳ್ತಿದ್ದ ಗೇಮನ್ನೇ ತಗೊಂಡು ಹೋಗಿದ್ದೆ, ಗೇಮ್ ಡೌನ್‌ಲೋಡ್ ಮಾಡ್ಕೊಳ್ಳೋ ಕೋಡ್ ಕಳಿಸೋದು ಬೇಡ, ಹುಡುಗನ ಕೈಗೆ ಏನಾದ್ರೂ ಸಿಗ್ಲಿ ಅಂತ ಬೇಕಂತಲೇ ಡಬ್ಬಿಯಲ್ಲಿರೋದನ್ನ ಹುಡುಕಿ ತಂದಿದ್ದು. ಅವನು ಮೇಲಿನ ಪ್ಲಾಸ್ಟಿಕ್ ಕಿತ್ತು ಡಬ್ಬಿ ತೆಗೆದ. ಡಿಸ್ಕ್ ಕೂರೋ ಜಾಗ ಖಾಲಿ. ಪಕ್ಕದಲ್ಲೊಂದು ಚೀಟಿ, ಅದರ ಮೇಲೆ ಒಂದಷ್ಟು ಅಕ್ಷರ, ಅಂಕಿ. ಪಾಪ, ಡಬ್ಬಿ ತಲೆಕೆಳಗೆ ಮಾಡಿ ಎರಡು ಸಲ ಅಲ್ಲಾಡಿಸ್ದ, ಆಮೇಲೆ "ಮಾಮಾ, ಡಿಸ್ಕ್ ಬಿದ್ದೋಯ್ತಾ?" ಅಂತ ಸೋಫಾ ಕೆಳಗೆ ಬಗ್ಗಿ ನೋಡ್ದ. ನಾನು ಡಬ್ಬಿ ತಿರುಗಿಸಿ ನೋಡಿದ್ರೆ ಮೂಲೇಲಿ ಸಣ್ಣ ಅಕ್ಷರದಲ್ಲಿ ಬರ್ದಿದ್ದಾರೆ, ಒಳಗೆ ಡಿಸ್ಕ್ ಇಲ್ಲ ಅಂತ. ನಂಗೆ ಮೈಯೆಲ್ಲ ಉರಿದೋಯ್ತು. ಡಿಸ್ಕೇ ಇಲ್ಲದ ಮೇಲೆ ಡಿಸ್ಕಿನ ಡಬ್ಬಿ ಯಾಕ್ರೀ ಮಾಡ್ತೀರಾ?

ನನ್ನ ಕಪಾಟು ನಿಮಗೆಲ್ಲ ಗೊತ್ತೇ ಇದೆ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿಂದ ಗೇಮ್ ಒಯ್ದು ವಾರಗಟ್ಟಲೆ ಆಡಿ ವಾಪಸ್ ತಂದಿಟ್ಟಿದ್ದೀರಿ. ನಾನು ಪ್ಲಾಸ್ಟಿಕ್ ತಟ್ಟೆ ಮೇಲಿನ ಮೋಹಕ್ಕೆ ಹೇಳ್ತಿಲ್ಲ. ದುಡ್ಡು ಕೊಟ್ಟು ತಗೊಂಡಿದ್ದು ನಂದು ಅಂದ್ರೆ ಅದನ್ನ ಇನ್ನೊಬ್ಬರಿಗೆ ಕೊಡೋಕಾಗ್ಬೇಕು, ಬೇಡ ಅಂದ್ರೆ ಮಾರೋಕಾಗ್ಬೇಕು, ಹತ್ತು ವರ್ಷ ಬಿಟ್ಟು ಮತ್ತೆ ಆಡ್ಬೇಕು ಅನ್ಸಿದ್ರೆ ಯಾರ ಅಪ್ಪಣೆನೂ ಕೇಳದೆ ಆಡೋಕಾಗ್ಬೇಕು. ಆ ಚೀಟಿಯಿಂದ ಇದ್ರಲ್ಲಿ ಒಂದೂ ಆಗಲ್ಲ. ಒಂದು ಸಲ ಕೋಡ್ ಹಾಕಿದ್ರೆ ಅದು ಆ ಅಕೌಂಟಿಗೆ ಅಂಟ್ಕೊಂಡ್ಬಿಡುತ್ತೆ, ಮುಗೀತು ಕಥೆ.

ಆನ್‌ಲೈನ್ ಅಂಗಡಿಯವರು ಬಟನ್ ಮೇಲೆ 'ಬೈ', ಅಂದ್ರೆ ಕೊಳ್ಳಿ ಅಂತ ಬರೀತಾರೆ, ಕೊಡೋದು ಮಾತ್ರ ಲೈಸೆನ್ಸ್, ಅಂದ್ರೆ ಆಡೋಕೆ ಬರೀ ಅನುಮತಿ. ಇದು ನನ್ನೊಬ್ಬನ ಸಿಟ್ಟಲ್ಲ, ಕ್ಯಾಲಿಫೋರ್ನಿಯಾದವರು 2024ರಲ್ಲಿ ಇದಕ್ಕೆ ಕಾನೂನೇ ಮಾಡಿದ್ರು, ನೀವು ಕೊಡೋದು ಬರೀ ಲೈಸೆನ್ಸ್ ಅಂತ ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ಆ ಪದ ಬಳಸೋ ಹಾಗಿಲ್ಲ ಅಂತ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಒಂದು ವಿನಾಯಿತಿ ಇದೆ ನೋಡಿ: ಗಿರಾಕಿ ಡೌನ್‌ಲೋಡ್ ಮಾಡ್ಕೊಂಡು ನೆಟ್ ಇಲ್ಲದೆನೂ ಶಾಶ್ವತವಾಗಿ ಇಟ್ಕೊಳ್ಳೋ ಹಾಗೆ ಕೊಟ್ಟಿದ್ರೆ ಈ ಕಟ್ಟುಪಾಡು ಇಲ್ಲ. ಅಂದ್ರೆ ಹಾಗೆ ಕೊಡೋಕೆ ಆಗುತ್ತೆ! ಜಿಒಜಿ ಅನ್ನೋ ಆನ್‌ಲೈನ್ ಗೇಮ್ ಅಂಗಡಿ ವರ್ಷಗಳಿಂದ ಹಾಗೇ ಕೊಡ್ತಿದೆ, ಗೇಮ್ ಹಾಕೋ ಫೈಲನ್ನ (ಇನ್‌ಸ್ಟಾಲರ್) ಇಳಿಸ್ಕೊಂಡು ನಿಮ್ಮ ಹಾರ್ಡ್‌ಡಿಸ್ಕಲ್ಲಿಟ್ಕೊಂಡ್ರೆ ನಾಳೆ ಅವರು ಅಂಗಡಿ ಮುಚ್ಚಿದ್ರೂ ಗೇಮ್ ನಿಮ್ಮ ಹತ್ರಾನೇ ಇರುತ್ತೆ. ಮಿಕ್ಕವರಿಗೆ ಮನಸ್ಸಿಲ್ಲ ಅಷ್ಟೇ.

ಡೌನ್‌ಲೋಡೇ ಸುಲಭ, ಡಿಸ್ಕ್ ಗೀರುತ್ತೆ, ಹಾಳಾಗುತ್ತೆ, ಈಗಿನ ಗೇಮ್ ಡಿಸ್ಕಲ್ಲಿ ಹಿಡಿಸಲ್ಲ ಅಂತೀರಿ. ಸುಲಭ ನಿಜ, ನಾಲ್ಕು ಜನ ಕೂತು ಮಾಡೋ ಸಣ್ಣ ಗೇಮುಗಳು ಡಿಸ್ಕನ್ನೇ ನಂಬ್ಕೊಂಡಿದ್ರೆ ನಮ್ಮ ತನಕ ಬರ್ತಾನೇ ಇರ್ಲಿಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಗೀರು ಬಿದ್ರೆ ನನ್ನ ಒಂದು ಡಿಸ್ಕ್ ಹೋಗುತ್ತೆ, ಅವರು ಸ್ವಿಚ್ ಆರಿಸಿದ್ರೆ ಎಲ್ಲರದೂ ಒಟ್ಟಿಗೇ ಹೋಗುತ್ತೆ. ಯೂಬಿಸಾಫ್ಟ್ ಕಂಪನಿಯ ಕಾರ್ ರೇಸಿಂಗ್ ಗೇಮ್ 'ದಿ ಕ್ರೂ' 2014ರದ್ದು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದ್ರು, ಆಮೇಲೆ ಜನರ ಲೈಬ್ರರಿಯಿಂದ ಲೈಸೆನ್ಸನ್ನೇ ವಾಪಸ್ ತಗೊಂಡ್ರು. ಸರ್ವರ್ ಇಲ್ಲದೆ ಶುರುವೇ ಆಗದ ಗೇಮ್, ಡಿಸ್ಕ್ ಇಟ್ಕೊಂಡೋರ ಗತಿನೂ ಅದೇ ಆಯ್ತು. ಅದರ ಮೇಲೇ ಕೊಂಡ ಗೇಮನ್ನ ಹೀಗೆ ಸಾಯಿಸ್ಬೇಡಿ ಅನ್ನೋ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಹುಟ್ಟಿದ್ದು, ಯುರೋಪಿನಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದು. ಅಷ್ಟು ಜನಕ್ಕೆ ಬೇರೆ ಕೆಲಸ ಇಲ್ಲ ಅಂತ ಹೇಳೋರನ್ನ ಕಂಡ್ರೆ ನಂಗೆ ಆಗಲ್ಲ.

ಇನ್ನೊಂದು ಮಾತು ಮನಸ್ಸಿಂದ ಹೋಗ್ತಾನೇ ಇಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನವರು 2023ರಲ್ಲಿ ಲೆಕ್ಕ ಹಾಕಿ ಹೇಳಿದ್ರು, ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ 87% ಈಗ ಹೊಸದಾಗಿ ಕೊಳ್ಳೋಕೆ ಸಿಗಲ್ಲ ಅಂತ. ಹಾಗಾದ್ರೆ ಅವನ್ನ ಇವತ್ತು ಆಡ್ತಿರೋರು ಹೇಗೆ ಆಡ್ತಿದ್ದಾರೆ? ಯಾರದೋ ಅಟ್ಟದ ಮೇಲೆ ಡಿಸ್ಕೋ ಕಾರ್ಟ್ರಿಡ್ಜೋ ಉಳ್ಕೊಂಡಿದೆ, ಅದು ಕೈಯಿಂದ ಕೈಗೆ ದಾಟ್ತಾ ಇದೆ. ಚೀಟಿ ಮೇಲಿನ ಕೋಡ್ ಯಾವ ಅಟ್ಟದಲ್ಲಿ ಉಳಿಯುತ್ತೆ ಹೇಳಿ. ನಿಂಟೆಂಡೋದ ಸ್ವಿಚ್ 2 ಕನ್ಸೋಲಿನ ಗೇಮ್-ಕೀ ಕಾರ್ಡ್ ಕೂಡ ಹಾಗೇ, ಕಾರ್ಡಲ್ಲಿ ಗೇಮ್ ಇಲ್ಲ, ಬೀಗದ ಕೈ ಮಾತ್ರ, ಗೇಮನ್ನ ನೆಟ್ಟಿಂದ ಇಳಿಸ್ಕೊಬೇಕು. ಇನ್ನೊಬ್ಬರಿಗೆ ಕೊಡಬಹುದು ಅನ್ನೋದೊಂದೇ ಸಮಾಧಾನ. ಆ ಸರ್ವರ್ ನಿಂತ ದಿನ ಬೀಗದ ಕೈ ಇಟ್ಕೊಂಡು ಏನು ಮಾಡೋದು?

ಇವತ್ತು ಬೆಳಿಗ್ಗೆ ತಡ್ಕೊಳ್ಳೋಕಾಗದೆ ಕಪಾಟಿಂದ ನನ್ನ ಹಳೇ ಡಿಸ್ಕ್ ಒಂದು ತಗೊಂಡು ಮತ್ತೆ ಅಕ್ಕನ ಮನೆಗೆ ಹೋದೆ. ಅಂಚಲ್ಲಿ ಉದ್ದಕ್ಕೊಂದು ಗೀರು, ಒಳಗಿನ ಪುಸ್ತಕದ ಮೇಲೆ ನನ್ನ ಕೈಬರಹ. ಹುಡುಗ ಡಿಸ್ಕನ್ನ ಅಂಗಿಗೆ ಒರೆಸಿ ಕನ್ಸೋಲಿಗೆ ಹಾಕ್ದ, ಅದು ಗರ್ರ್ ಅಂತ ಸದ್ದು ಮಾಡ್ತು, ಇಬ್ರೂ ಸುಮ್ನೆ ಟಿವಿ ನೋಡ್ಕೊಂಡು ಕೂತ್ವಿ. ಓಡ್ತು! ಮಧ್ಯಾಹ್ನದ ತನಕ ಆಡಿದ್ವಿ. ನಾನು ಹೊರಡೋವಾಗ ಅವನು ಡಬ್ಬಿನ ಎದೆಗವುಚ್ಕೊಂಡು "ಇದು ಇಲ್ಲೇ ಇರ್ಲಾ ಮಾಮಾ, ನನ್ನ ಫ್ರೆಂಡಿಗೂ ಕೊಡ್ಲಾ?" ಅಂದ.

ಕೊಡೋ, ಅಂದೆ.