ತೂಕ ಐತಿ, ತಗೋ!

ಕಡಿಮೆ ದುಡ್ಡಿನಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸುವುದು ಹೇಗೆ ಅಂತ ಯೂಟ್ಯೂಬ್‌ನಲ್ಲಿ ಹೇಳಿಕೊಡುವ ಹುಡುಗರೆಲ್ಲ ಬ್ರಹ್ಮಚಾರಿಗಳೇ ಇರಬೇಕು. "ಮೊದಲು ಪ್ರೊಸೆಸರ್ ಆರಿಸಿ, ಅದಕ್ಕೆ ಹೊಂದುವ ಮದರ್‌ಬೋರ್ಡ್ ಆರಿಸಿ" ಎಂದು ಸಲೀಸಾಗಿ ಹೇಳುತ್ತಾರೆ. ನಮ್ಮ ಮನೆಯಲ್ಲಿ ಮೊದಲು ಆರಿಸಿದ್ದು ಕ್ಯಾಬಿನೆಟ್ಟಿನ ಬಣ್ಣ.

"ರೀ, ಕರೇದು ಬ್ಯಾಡ. ಹಾಲ್‌ನ್ಯಾಗ ಚಂದ ಕಾಣಂಗಿಲ್ಲ. ಬಿಳೇದು ತಗೋರಿ" ಎಂದಳು ಹೆಂಡತಿ. ಕಂಪ್ಯೂಟರ್ ಲೋಕದಲ್ಲಿ ಬಿಳಿ ಬಣ್ಣಕ್ಕೆ ಸುಮ್ನೆ ದುಡ್ಡು ಜಾಸ್ತಿ. ಅದೇ ತಗಡು, ಅದೇ ಗಾಜು, ಆದರೆ ಬಿಳಿ. ನಮ್ಮ ಬಜೆಟ್ ಇದ್ದದ್ದು 40,000 ರೂಪಾಯಿ. ಅದರಲ್ಲಿ ಒಂದಿಷ್ಟು ಹೀಗೆ ಸುಣ್ಣ ಬಳಿಯುವುದಕ್ಕೇ ಹೋಯಿತು.

ಇಂಜಿನಿಯರಿಂಗ್ ಓದುವ ಅಕ್ಕನ ಮಗ ಇನ್ನೊಂದು ಕಡೆಯಿಂದ ಎಳೆಯತೊಡಗಿದ. ಅವನಿಗೆ ಲೈಟು ಬೇಕು. ಫ್ಯಾನಿಗೆ ಲೈಟು, ರ‍್ಯಾಮ್‌ಗೆ ಲೈಟು. "ಮಾಮಾ, ಆರ್‌ಜಿಬಿ ಇಲ್ಲಾಂದ್ರ ಫ್ರೆಂಡ್ಸ್ ನಗ್ತಾರ." ಯಾರ ಫ್ರೆಂಡ್ಸು? ಅವನವು. ಅವು ನಮ್ಮ ಮನೆಗೆ ಯಾಕೆ ಬರುತ್ತವೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಸಿಗುತ್ತಿತ್ತು, ಅದೇ ಭಯ.

ನನಗೆ ಬೇಕಾಗಿದ್ದು ಒಂದೇ. ಒಳ್ಳೆಯ ಎಸ್‌ಎಂಪಿಎಸ್. ಮನೆಗೆ ಬರುವ 230 ವೋಲ್ಟ್ ಕರೆಂಟನ್ನು 12, 5, 3.3 ವೋಲ್ಟ್ ಡಿಸಿಗೆ ಇಳಿಸಿ ಎಲ್ಲ ಭಾಗಗಳಿಗೂ ಹಂಚುವ ಡಬ್ಬಿ ಅದು. ಅದಕ್ಕೆ ಲೈಟಿಲ್ಲ, ಬಣ್ಣವಿಲ್ಲ, ಒಂದು ಸಲ ಒಳಗೆ ಕೂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಅದರ ಪರ ಮಾತಾಡುವವರೂ ಇಲ್ಲ. ನಾನು ಮಾತಾಡುವುದಕ್ಕೆ ಕಾರಣ ಇತ್ತು. ನಮ್ಮ ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದದ್ದು. ಒಂದು ಸಂಜೆ ಕರೆಂಟು ಹೋಗಿ ಬಂತು. ಬರುವಾಗ 'ಠಪ್' ಅಂತ ಶಬ್ದವೂ ಬಂತು, ಸುಟ್ಟ ವಾಸನೆಯೂ ಬಂತು. ಅದು ಹೋಗುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಯಿತು. ಒಬ್ಬನೇ ಹೋಗುವ ಜಾತಿಯೇ ಅಲ್ಲ ಅದು.

ನನ್ನ ಮಾತಿಗೆ ಮನೆಯಲ್ಲಿ ಒಂದು ವೋಟೂ ಬೀಳಲಿಲ್ಲ. "ಕಾಣದ ಡಬ್ಬಿಗೆ ಮೂರು ಸಾವಿರ ಯಾಕ?" ಎಂದು ಹೆಂಡತಿ ಕೇಳಿದಳು. ಅಳಿಯ ಗ್ರಾಫಿಕ್ಸ್ ಕಾರ್ಡಿನ ಫೋಟೋ ತೋರಿಸುತ್ತ ಕೂತಿದ್ದ.

ಗ್ರಾಫಿಕ್ಸ್ ಕಾರ್ಡಿನ ಗಲಾಟೆ ಬೇಗ ಮುಗಿಯಿತು. ಅವನ ಪಟ್ಟಿಯಲ್ಲಿ ಐ3 12100ಎಫ್ ಪ್ರೊಸೆಸರ್ ಇತ್ತು. ಇಂಟೆಲ್‌ನವರು ಸಂಖ್ಯೆಯ ಬಾಲಕ್ಕೆ 'ಎಫ್' ಅಂಟಿಸಿದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ ಅರ್ಥ. ಬೇರೆ ಕಾರ್ಡ್ ಹಾಕದಿದ್ದರೆ ಕಂಪ್ಯೂಟರ್ ಓಡುತ್ತದೆ, ಪರದೆ ಮೇಲೆ ಏನೂ ಬರುವುದಿಲ್ಲ. ಕಾರ್ಡಿಗೆ ನಮ್ಮ ಬಳಿ ದುಡ್ಡಿರಲಿಲ್ಲ. ಆದ್ದರಿಂದ ಗ್ರಾಫಿಕ್ಸ್ ಒಳಗೇ ಇರುವ ಎಎಂಡಿ ಕಂಪನಿಯ ರೈಜೆನ್ 5 5600ಜಿ ಅಂತ ತೀರ್ಮಾನವಾಯಿತು. 2021ರ ಮಾಲು, ಆರು ಕೋರ್, ಹಳೇ ಎಎಂ4 ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು. ಹೊಸ ಎಎಂ5ಕ್ಕೆ ಹೋದರೆ ಡಿಡಿಆರ್5 ರ‍್ಯಾಮೇ ಬೇಕು, ಹಳೇ ಪೀಳಿಗೆಯ ಡಿಡಿಆರ್4 ಅದರ ಸ್ಲಾಟಿಗೆ ಕೂರುವುದೂ ಇಲ್ಲ. ಅಳಿಯ ಮುಖ ಊದಿಸಿದ. "ಮುಂದಿನ ದೀಪಾವಳಿಗೆ ಕಾರ್ಡ್ ಹಾಕೋಣ" ಎಂದೆ. ಯಾವ ವರ್ಷದ ದೀಪಾವಳಿ ಅಂತ ಹೇಳಲಿಲ್ಲ.

ನವನಗರದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ಪೇಟೆಗೆ ಹೊರಟಾಗ ಅಪ್ಪನೂ ಚಪ್ಪಲಿ ಮೆಟ್ಟಿದರು. "ನಾನೂ ಬರ್ತೀನಿ. ನಿಮಗ ಚೌಕಾಸಿ ಬರಂಗಿಲ್ಲ." ಅಪ್ಪ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದಲ್ಲಾಳಿ ಅಂಗಡಿಯ ಗುಮಾಸ್ತರಾಗಿದ್ದವರು. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿ, ಬೀಜ ಗಲಗಲ ಅನ್ನುವುದನ್ನು ಕೇಳಿ ತೇವ ಎಷ್ಟಿದೆ ಅಂತ ಹೇಳುತ್ತಿದ್ದರು. ಕಂಪ್ಯೂಟರ್ ಅಂದರೆ ಅವರಿಗೆ ರೈಲ್ವೆ ಟಿಕೆಟ್ ಸಿಗದಂತೆ ಮಾಡುವ ಯಂತ್ರ, ಅಷ್ಟೇ.

ಕೊಪ್ಪಿಕರ ರಸ್ತೆ ಕಡೆಯ ಅಂಗಡಿ. ಮಾಲೀಕ ಒಳ್ಳೆಯ ಮಾತುಗಾರ. "ಅಜ್ಜಾರ, ಕುಂದರ್ರಿ, ಚಾ ತಗೋರಿ" ಎಂದ. ಅಪ್ಪ ಚಹಾ ಕುಡಿದರು. ಆದರೆ ಚಹಾ ಕುಡಿಸುವ ಅಂಗಡಿಯವರ ಬಗ್ಗೆ ಅವರಿಗೆ ಮೊದಲಿನಿಂದಲೂ ಒಂದು ಅನುಮಾನವಿದೆ.

ಮೊದಲ ಪೆಟ್ಟು ರ‍್ಯಾಮ್‌ನಿಂದ ಬಿತ್ತು. ಎಂಟೆಂಟು ಜಿಬಿಯ ಎರಡು ಕಡ್ಡಿ ಕೇಳಿದೆ. ಹದಿನಾರರ ಒಂದೇ ಕಡ್ಡಿಗಿಂತ ಎರಡು ಇದ್ದರೆ ಡ್ಯುಯಲ್ ಚಾನೆಲ್ ಆಗಿ ವೇಗ ಸಿಗುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಈ ರ‍್ಯಾಮ್‌ನಲ್ಲೇ ಕಡ ತಗೊಂಡು ಬದುಕುತ್ತದೆ. ಹಾಗಾಗಿ ಇಲ್ಲಿ ಜುಗ್ಗತನ ಮಾಡುವ ಹಾಗಿಲ್ಲ. ದರ ಕೇಳಿದ ಮೇಲೆ ನನ್ನ ಚಹಾ ಗಂಟಲಲ್ಲೇ ನಿಂತಿತು. ಹೋದ ವರ್ಷ ಗೆಳೆಯನೊಬ್ಬ ಕೊಟ್ಟ ದುಡ್ಡಿಗೆ ಈಗ ಒಂದು ಕಡ್ಡಿಯೂ ಬರುವ ಹಾಗಿರಲಿಲ್ಲ.

"ನಿನ್ನೆ ದರ ಬ್ಯಾರೆ ಇತ್ತು ಸರ್ರ, ಇವತ್ತಿನ ದರ ಬ್ಯಾರೆ" ಎಂದ ಮಾಲೀಕ.

ಅಪ್ಪ ಮುಂದಕ್ಕೆ ಸರಿದು ಕೂತರು. ಇದು ಅವರ ವಿಷಯ.

"ಯಾಕ ಏರೈತಿ? ಆವಕ ಕಡಿಮೆ ಆಗೈತೇನು?"

ಎಐ ಡೇಟಾ ಸೆಂಟರ್‌ನವರು ಮೆಮೊರಿ ಚಿಪ್‌ಗಳನ್ನು ರಾಶಿಗಟ್ಟಲೆ ಖರೀದಿಸುತ್ತಿದ್ದಾರೆ, ಕಂಪನಿಗಳು ಅವರಿಗೇ ಮೊದಲು ಮಾಲು ಕೊಡುತ್ತಿವೆ, 2025ರ ಕೊನೆಯಿಂದ ಇದೇ ಕಥೆ ಅಂತ ಮಾಲೀಕ ಬಿಡಿಸಿ ಹೇಳಿದ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ ಮಾಡುವುದು ಮೂರೇ ಕಂಪನಿಗಳು ಅಂತ ಅಳಿಯ ಸೇರಿಸಿದ.

"ಮೂರೇ ಮಂದಿ ಸಾವ್ಕಾರ್ರಾ?" ಅಪ್ಪನಿಗೆ ಎಲ್ಲ ಅರ್ಥವಾಯಿತು. "ಮತ್ತ ಹೆಂಗ ಇಳಿತೈತಿ? ಮಾಲು ಯಾವ ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟಾರ, ಅದನ್ನ ಕೇಳು." ಬ್ಯಾಡಗಿಯ ಸುತ್ತ ಮೆಣಸಿನಕಾಯಿ ಕಾಯ್ದಿಡುವ ಕೋಲ್ಡ್ ಸ್ಟೋರೇಜ್ ಸಾಲುಗಟ್ಟಿ ನಿಂತಿವೆ. ಅಪ್ಪನ ಪ್ರಕಾರ ಜಗತ್ತಿನ ಎಲ್ಲ ದರ ಏರಿಕೆಗೂ ಹಿಂದೆ ಅಂಥದ್ದೊಂದು ಕಟ್ಟಡ ಇದ್ದೇ ಇರುತ್ತದೆ. ನಾನು ಮೂರು ತಿಂಗಳು ಕಾಯೋಣವೇ ಅಂದೆ. "ಏರೋ ಪ್ಯಾಟ್ಯಾಗ ಕಾಯೋದು ರೈತನ ಕೆಲಸ, ಖರೀದಿದಾರಂದಲ್ಲ" ಎಂದು ಅವರೇ ತೀರ್ಪು ಕೊಟ್ಟರು. ರ‍್ಯಾಮ್ ತಗೊಂಡೆವು. ಲೈಟಿಲ್ಲದ್ದು. ಅಳಿಯ ಎದ್ದು ಹೊರಗೆ ಹೋಗಿ ನಿಂತ.

ಇನ್ನು ಎಸ್‌ಎಂಪಿಎಸ್. ನನಗೆ ಗೊತ್ತಿತ್ತು, ರ‍್ಯಾಮ್ ನುಂಗಿದ ದುಡ್ಡು ಇಲ್ಲಿಂದಲೇ ಹೊರಡುತ್ತದೆ ಅಂತ. ಮಾಲೀಕ ಶುರು ಮಾಡೇಬಿಟ್ಟ. "ಈ ಕ್ಯಾಬಿನೆಟ್ ಜೋಡಿ 450 ವ್ಯಾಟ್ ಎಸ್‌ಎಂಪಿಎಸ್ ಫ್ರೀ ಬರ್ತೈತಿ ಸರ್ರ. ಬ್ಯಾರೆ ಯಾಕ? ನೀವು ಕೇಳೋದೂ 450 ವ್ಯಾಟೇ." ನಾನು 80 ಪ್ಲಸ್ ಬ್ರಾಂಝ್ ದರ್ಜೆಯದು ಬೇಕು ಅಂದೆ, ವಾರಂಟಿ ಅಂದೆ, ಹಳೇ ಕಂಪ್ಯೂಟರಿನ ಸಾವಿನ ಕಥೆ ಹೇಳಿದೆ. ಮಾಲೀಕ ಅಪ್ಪನ ಕಡೆ ನೋಡಿ ನಕ್ಕ. ಫ್ರೀ ಅಂದರೆ ಹಿರಿಯರು ತನ್ನ ಕಡೆಗೇ ಬರುತ್ತಾರೆ ಅನ್ನುವ ನಂಬಿಕೆ.

ಅಪ್ಪ ಎರಡೂ ಡಬ್ಬಿಗಳನ್ನು ಹೊರಗೆ ತೆಗೆಸಿದರು. ಒಂದು ಕೈಯಲ್ಲಿ ಫ್ರೀ, ಇನ್ನೊಂದರಲ್ಲಿ ಬ್ರಾಂಝ್. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತೂಗಿದರು. ಆಮೇಲೆ ಫ್ರೀ ಡಬ್ಬಿಯನ್ನು ಕಿವಿ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಏನೋ ಗಲಗಲ ಅಂತು.

"ಇದು ಟೊಳ್ಳು" ಎಂದು ಕೌಂಟರ್ ಮೇಲೆ ಇಟ್ಟರು. ಬ್ರಾಂಝ್ ಡಬ್ಬಿ ನನ್ನ ಕೈಗೆ ಕೊಟ್ಟರು. "ಇದಕ್ಕ ತೂಕ ಐತಿ. ತಗೋ!"

ನಿಜ ಹೇಳಬೇಕೆಂದರೆ ತೂಕ ಅಷ್ಟೇನೂ ತಪ್ಪು ಲೆಕ್ಕವಲ್ಲ. ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್, ಶಾಖ ಹೀರುವ ಲೋಹದ ಪಟ್ಟಿ ಇವುಗಳಲ್ಲೇ ಅಗ್ಗದ ಕಂಪನಿಗಳು ಉಳಿತಾಯ ಮಾಡುವುದು. ಆದರೆ ತೂಕಕ್ಕಿಂತ ಗಟ್ಟಿ ಪುರಾವೆ ಡಬ್ಬಿಯ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಎಳೆಯುವುದು 12 ವೋಲ್ಟ್ ಲೈನಿನಿಂದ. ಅಲ್ಲಿ ಎಷ್ಟು ಆಂಪಿಯರ್ ಬರೆದಿದ್ದಾರೆ ಅಂತ ನೋಡಬೇಕು. ಫ್ರೀ ಡಬ್ಬಿಯ ಚೀಟಿಯಲ್ಲಿ 18 ಆಂಪಿಯರ್ ಇತ್ತು. ಅಪ್ಪನಿಗೆ ತೋರಿಸಿ, ವೋಲ್ಟು ಆಂಪಿಯರ್ ಗುಣಿಸಿದರೆ ವ್ಯಾಟು ಅಂದೆ.

"ಹನ್ನೆರಡು ಹದಿನೆಂಟ್ಲೆ ಎರಡ್‌ನೂರಾ ಹದಿನಾರು" ಎಂದರು ತಕ್ಷಣ. ಕ್ಯಾಲ್ಕುಲೇಟರ್ ತೆಗೆಯುತ್ತಿದ್ದ ಅಳಿಯ ಅದನ್ನು ಮತ್ತೆ ಜೇಬಿಗಿಟ್ಟ. "ಚೀಲದ ಮ್ಯಾಲ 450 ಬರದು ಒಳಗ 216 ತುಂಬ್ಯಾರ. ಏನ್ರಿ ಇದು?"

ಮಾಲೀಕ 3.3, 5 ವೋಲ್ಟುಗಳನ್ನೂ ಕೂಡಿಸಬೇಕು ಅಜ್ಜಾರ ಅಂತ ಏನೋ ಹೇಳಲು ಹೋದ. ಅಪ್ಪ ಅವನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಬ್ರಾಂಝ್ ಅಂದರೇನು ಅಂತ ನನ್ನನ್ನು ಕೇಳಿದರು. ಅರ್ಧ ಲೋಡಿನಲ್ಲಿ ನೂರು ವ್ಯಾಟ್ ಎಳೆದರೆ 85 ವ್ಯಾಟ್‌ನಷ್ಟು ಕೆಲಸಕ್ಕೆ ಸಿಗುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ ಎಂದೆ.

"ಅಂದ್ರ ಹದಿನೈದು ಸೂಟು" ಎಂದರು. ಮಾರುಕಟ್ಟೆಯಲ್ಲಿ ತೂಕ ಮಾಡುವಾಗ ತೇವ, ಕಸ ಅಂತ ಹೇಳಿ ಕಡಿತ ಮಾಡುತ್ತಾರಲ್ಲ, ಅದು ಸೂಟು. ಅದರ ಮೇಲೆ ಎಷ್ಟು ಜಗಳ ನೋಡಿದವರೋ ಏನೋ, ಮುಖ ಗಂಟಾಯಿತು. ಆದರೂ ಒಪ್ಪಿದರು. "ಹೇಳಿ ತಗಿಯೋ ಸೂಟು ನಡಿತೈತಿ."

ಮದರ್‌ಬೋರ್ಡ್ ಮಾತ್ರ ಒಂದು ಆಟ ಆಡಿಸಿತು. ಅಂಗಡಿಯಲ್ಲಿದ್ದದ್ದು ಹಳೇ ಸ್ಟಾಕಿನ ಬಿ450. ಅಸೆಂಬಲ್ ಮಾಡುವ ಹುಡುಗ ಎಲ್ಲ ಜೋಡಿಸಿ ಬಟನ್ ಒತ್ತಿದ. ಫ್ಯಾನ್ ತಿರುಗಿತು, ಲೈಟು ಹತ್ತಿತು (ಹೌದು, ಫ್ಯಾನಿನ ಲೈಟಿನಲ್ಲಿ ಅಳಿಯ ಗೆದ್ದಿದ್ದ), ಪರದೆ ಮಾತ್ರ ಕಪ್ಪು. ಸಾಕೆಟ್ ಒಂದೇ ಆದರೂ, ಮದರ್‌ಬೋರ್ಡನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಹಳೇ ಬಯಾಸ್‌ಗೆ ಹೊಸ ಪ್ರೊಸೆಸರಿನ ಗುರುತು ಹತ್ತುವುದಿಲ್ಲ. ಹುಡುಗ ಪಕ್ಕದ ಅಂಗಡಿಗೆ ಓಡಿ ಒಂದು ಹಳೇ ರೈಜೆನ್ ಕಡ ತಂದ. ಅದನ್ನು ಹಾಕಿ, ಬಯಾಸ್ ಅಪ್‌ಡೇಟ್ ಮಾಡಿ, ಮತ್ತೆ ನಮ್ಮದನ್ನು ಕೂರಿಸಿದ. ಅಷ್ಟರಲ್ಲಿ ಅಪ್ಪ ಇನ್ನೊಂದು ಚಹಾ ಮುಗಿಸಿ ಬಿಲ್ಲಿನಲ್ಲಿ ಮುನ್ನೂರು ಕಡಿಮೆ ಮಾಡಿಸಿದ್ದರು. ಫಿಟಿಂಗ್ ಚಾರ್ಜ್ 500 ಮಾತ್ರ ಮಾಲೀಕ ಬಿಡಲಿಲ್ಲ.

ರಾತ್ರಿ ಮನೆಯಲ್ಲಿ ವಿಂಡೋಸ್ ಹಾಕಿದಾಗ ಫೈಲು ಇಡುವ 500 ಜಿಬಿ ಎಸ್‌ಎಸ್‌ಡಿ 465 ಅಂತ ತೋರಿಸಿತು. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಮಾಲು ಅಷ್ಟೇ ಇದೆ ಅಂತ ಅಳಿಯ ವಿವರಿಸಿದ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ತಕ್ಕಡಿ ಎರಡು ಇಟ್ಟಾರ ಅಂತ ಹೇಳು" ಎಂದು ಮಲಗಲು ಹೋದರು.

ಮರುದಿನ ಅವ್ವನ ಪೂಜೆ. ಹೊಸ ವಸ್ತು ಮನೆಗೆ ಬಂದರೆ ವಿಭೂತಿ, ಕುಂಕುಮ, ಹೂವು ಆಗಲೇಬೇಕು. ಬಿಳಿ ಕ್ಯಾಬಿನೆಟ್ ಮೇಲೆ ಕುಂಕುಮ ಕಂಡು ಹೆಂಡತಿ ತುಟಿ ಕಚ್ಚಿಕೊಂಡಳು. ಕಂಪ್ಯೂಟರ್ ಚಾಲೂ ಇರುವಾಗಲೇ ಅವ್ವ ಊದಿನಕಡ್ಡಿ ಹಚ್ಚಿ ಮುಂದೆ ಬೆಳಗಿದಳು. ಹೊಗೆ ಸುರುಳಿ ಸುತ್ತಿ ನೇರವಾಗಿ ಮುಂದಿನ ಫ್ಯಾನುಗಳ ಒಳಗೆ ಹೋಯಿತು. "ನೋಡ್ರಿ, ತಗೋತು!" ಎಂದು ಅವ್ವ ಖುಷಿಪಟ್ಟಳು. ಹಾಗೇ ಸುತ್ತು ಹಾಕಿ ಹಿಂದಿನಿಂದಲೂ ಬೆಳಗಿದಳು. ಅಲ್ಲಿಯೂ ಹೊಗೆ ಒಳಗೇ ಹೋಯಿತು.

ಅಳಿಯ ಬಗ್ಗಿ ನೋಡಿದ. "ಮಾಮಾ, ಹಿಂದಿನ ಫ್ಯಾನ್ ಉಲ್ಟಾ ಹಾಕ್ಯಾರ! ಅದು ಹೊರಗ ಊದಬೇಕು." ಮುಂದಿನ ಫ್ಯಾನು ತಂಪು ಗಾಳಿ ಎಳೆಯಬೇಕು, ಹಿಂದಿನದು ಬಿಸಿ ಗಾಳಿ ಹೊರಗೆ ಹಾಕಬೇಕು. ಇಲ್ಲಿ ಎಲ್ಲವೂ ಒಳಗೇ ತುಂಬುತ್ತಿದ್ದವು. ಸ್ಕ್ರೂಡ್ರೈವರ್ ತಂದವನನ್ನು ಅವ್ವ ತಡೆದಳು. ಆರತಿ ಆಗುವ ತನಕ ಬಿಚ್ಚುವ ಹಾಗಿಲ್ಲ.

"ಫಿಟಿಂಗ್‌ಗಂತ ಐದ್‌ನೂರು ಎಣಿಸ್ಕೊಂಡಾನಲ್ಲ ಅಂವ, ಫೋನ್ ಹಚ್ಚು" ಎಂದರು ಅಪ್ಪ. ಹಚ್ಚಿ ಸ್ಪೀಕರ್ ಮೇಲೆ ಇಟ್ಟೆ. ಅಪ್ಪ ಫ್ಯಾನಿನ ವಿಷಯ, ಊದಿನಕಡ್ಡಿಯ ಸಾಕ್ಷಿ ಸಮೇತ, ಒಂದೂ ಬಿಡದೆ ಹೇಳಿ ನೂರು ರೂಪಾಯಿ ವಾಪಸ್ ಕೇಳಿದರು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮಾಲೀಕನ ದನಿ ಬಂತು.

"ಅಜ್ಜಾರ, ಅದನ್ನ ಸೂಟು ಅಂತ ತಿಳ್ಕೊಳ್ರಿ."