ಅಕ್ಷಾಂಶ, ರೇಖಾಂಶ ಮತ್ತು ಕಂಸಾಳೆ

ನಮ್ಮ ವಿಶ್ವವಿದ್ಯಾಲಯದ ಕಲೆ, ಮಾನವಿಕ ಹಾಗೂ ಶಿಕ್ಷಣ ಉತ್ಸವ ಮುಗಿದು ವಾರ ಕಳೆದಿದೆ. ಶಾಮಿಯಾನ ಬಿಚ್ಚಿಕೊಂಡು ಹೋಗಿದ್ದಾರೆ, ಬಾಡಿಗೆಯ ಕುರ್ಚಿಗಳು ಯಾವುದೋ ಮದುವೆ ಮನೆ ಸೇರಿವೆ, ಆದರೆ ಉತ್ಸವದ ವಾಟ್ಸಾಪ್ ಗುಂಪಿಗೆ ಮಾತ್ರ ಇನ್ನೂ ಸಮಾರೋಪವಾಗಿಲ್ಲ. ಇಂದು ಬೆಳಿಗ್ಗೆ ಕಾಫಿ ಕುಡಿದು ಮುಗಿಸುವ ಮೊದಲೇ ಅದರಲ್ಲೊಂದು ಆದೇಶ ಬಂದಿತ್ತು: ‘ಚರ್ಚಾ ಸ್ಪರ್ಧೆಯ ತೀರ್ಪುಗಾರರು ತೀರ್ಪು ನೀಡುತ್ತಿರುವ ಜಿಯೋಟ್ಯಾಗ್ ಸಹಿತ ಫೋಟೋವನ್ನು ಸಂಜೆಯೊಳಗೆ ಕಳುಹಿಸತಕ್ಕದ್ದು.’ ಆ ತೀರ್ಪುಗಾರರಲ್ಲಿ ನಾನೂ ಒಬ್ಬ. ತೀರ್ಪು ಕೊಡುವುದು ತಲೆಯೊಳಗೆ ನಡೆಯುವ ಕೆಲಸವಾದ್ದರಿಂದ, ಅದು ಫೋಟೋದಲ್ಲಿ ಬೀಳಬೇಕಾದರೆ ನಾನು ಯಾವ ಭಂಗಿಯಲ್ಲಿ ಕುಳಿತಿರಬೇಕಿತ್ತು ಎಂಬುದು ನನಗೆ ಇನ್ನೂ ತಿಳಿದಿಲ್ಲ.

ಕಾಲೇಜಿನಲ್ಲಿ ಪಾಠ ಮಾಡುವವರಿಗೆ ಈ ಜಿಯೋಟ್ಯಾಗ್ ಎಂಬುದನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ಅದು ಫೋಟೋ ತೆಗೆದ ಜಾಗದ ಅಕ್ಷಾಂಶ, ರೇಖಾಂಶ, ವಿಳಾಸಗಳನ್ನು ಚಿತ್ರದ ಕೆಳಗೇ ಮೂಡಿಸುವ ಗುರುತು. ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್ 1994ರಲ್ಲಿ ಹುಟ್ಟಿದ್ದು, ಅದರ ಕೇಂದ್ರ ಕಚೇರಿ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಅದಕ್ಕೆ ಸಲ್ಲಿಸುವ ವರದಿಯಲ್ಲಿ ಕಾರ್ಯಕ್ರಮ ನಡೆಯಿತೆಂದು ಬರೆದರೆ ಸಾಲದು, ನಡೆದದ್ದಕ್ಕೆ ಪುರಾವೆಯನ್ನೂ ಲಗತ್ತಿಸಬೇಕು. ಬೇಡಿಕೆ ನ್ಯಾಯವಾದದ್ದೇ. ನಡೆಯದ ಕಾರ್ಯಕ್ರಮಕ್ಕೆ ಹತ್ತು ಪುಟದ ವರದಿ ಬರೆಯುವ ಸಾಹಿತ್ಯ ಪ್ರಕಾರದಲ್ಲಿ ನಮ್ಮಲ್ಲಿ ಕೆಲವರು ಎಂದೋ ಪಾರಂಗತರಾಗಿದ್ದರು. ಆದರೆ ಪುರಾವೆಗಾಗಿಯೇ ಉತ್ಸವ ನಡೆಸುವ ಹಂತಕ್ಕೆ ನಾವು ಬಂದು ಮುಟ್ಟಿದ್ದು ಯಾವಾಗ ಎಂಬುದನ್ನು, ಇತಿಹಾಸದ ಮೇಷ್ಟ್ರಾಗಿದ್ದೂ, ನಾನು ಹೇಳಲಾರೆ.

ಈ ಸಲದ ಉತ್ಸವಕ್ಕೆ ಸ್ವಾಗತ ಸಮಿತಿ, ಊಟದ ಸಮಿತಿ, ವೇದಿಕೆ ಸಮಿತಿಗಳ ಜೊತೆಗೆ ದಾಖಲೀಕರಣ ಸಮಿತಿಯೂ ಇತ್ತು. ಅದರ ಸಂಚಾಲಕರೇ ಉತ್ಸವದ ನಿಜವಾದ ಅಧ್ಯಕ್ಷರಾಗಿದ್ದರು. ಸಜ್ಜನರು, ಮಿತಭಾಷಿಗಳು. ಅವರು ಆಡುತ್ತಿದ್ದ ಮಾತು ಹೆಚ್ಚೂಕಡಿಮೆ ಒಂದೇ: “ಸರ್, ಒಂದ್ ನಿಮಿಷ, ಬ್ಯಾನರ್ ಕಾಣಿಸ್ತಿಲ್ಲ.” ಕುಲಪತಿಗಳು ಮಾತಾಡುತ್ತಿರಲಿ, ಪ್ರಾರ್ಥನೆ ಹಾಡುವ ಹುಡುಗಿ ತಾರಸ್ಥಾಯಿಯಲ್ಲಿರಲಿ, ಮೊಬೈಲನ್ನು ಎದೆಯೆತ್ತರಕ್ಕೆ ಹಿಡಿದ ಅವರ ಆಕೃತಿ ವೇದಿಕೆಯ ಮುಂದೆ ಹಾದುಹೋಗುತ್ತಿತ್ತು. ಹೂಗುಚ್ಛ ಕೊಟ್ಟವರು ಅದನ್ನು ಮರಳಿ ಪಡೆದು ಇನ್ನೊಮ್ಮೆ ಕೊಡಬೇಕಾಗುತ್ತಿತ್ತು. ಶಾಲು ಹೊದ್ದವರು ಬಿಚ್ಚಿ ಮತ್ತೆ ಹೊದೆಯಬೇಕಾಗುತ್ತಿತ್ತು. ಒಬ್ಬ ಹಿರಿಯ ಜಾನಪದ ವಿದ್ವಾಂಸರಿಗೆ ಹೀಗೆ ಒಂದೇ ಮೈಸೂರು ಪೇಟವನ್ನು ಮತ್ತೆ ಮತ್ತೆ ತೊಡಿಸಿದಾಗ, ಅವರು ತಮಗೆ ಬೇರೆ ಬೇರೆ ಸಂಸ್ಥೆಗಳಿಂದ ಸನ್ಮಾನವಾಗುತ್ತಿದೆಯೆಂದು ಭಾವಿಸಿ ಪ್ರತಿ ಸಲವೂ ಹೊಸದಾಗಿ ಕೈಮುಗಿದರು.

ಎಲ್ಲಕ್ಕೂ ಕಳಸಪ್ರಾಯವಾದದ್ದು ಉದ್ಘಾಟನೆ. ಗಣ್ಯರೆಲ್ಲ ಸೇರಿ ದೀಪ ಬೆಳಗಿಸಿದರು, ಚಪ್ಪಾಳೆಯಾಯಿತು, ಸಂಚಾಲಕರು ಫೋಟೋ ತೆಗೆದು ಪರದೆಯನ್ನು ನೋಡಿದವರೇ ಬಿಳಿಚಿಕೊಂಡರು. ಚಿತ್ರದ ಕೆಳಗಿನ ಪಟ್ಟಿಯಲ್ಲಿ ಸ್ಥಳದ ಹೆಸರು ‘ಪಶು ಆಸ್ಪತ್ರೆ ರಸ್ತೆ’ ಎಂದು ಮೂಡಿತ್ತು. ಇದರಲ್ಲಿ ಮೊಬೈಲಿನ ತಪ್ಪೇನಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿಂದ ಬರುವ ಕ್ಷೀಣ ಸಂಕೇತ ನಮ್ಮ ಸಭಾಂಗಣದ ಕಾಂಕ್ರೀಟ್ ತಾರಸಿಯನ್ನು ದಾಟಲಾರದೆ ಸೋತಾಗ, ಫೋನು ಹತ್ತಿರದ ಟವರುಗಳನ್ನು ನೋಡಿ ತನಗೆ ತೋಚಿದ ವಿಳಾಸವನ್ನು ಬರೆದುಬಿಡುತ್ತದೆ. ನಮ್ಮ ಹಿಂಬದಿಯ ಕಾಂಪೌಂಡಿನಾಚೆ ಪಶು ಆಸ್ಪತ್ರೆ ಇರುವುದೂ ನಿಜವೇ. ಆದರೆ ಮಾನವಿಕ ಉತ್ಸವವು ಪಶು ಆಸ್ಪತ್ರೆಯಲ್ಲಿ ಉದ್ಘಾಟನೆಗೊಂಡಿತೆಂಬ ದಾಖಲೆಯನ್ನು ಪರಿಶೀಲನಾ ತಂಡದ ಮುಂದಿಡುವುದು ಹೇಗೆ?

ಸಂಚಾಲಕರು ಕುಲಸಚಿವರ ಕಿವಿಯಲ್ಲಿ ಉಸುರಿದರು, ಕುಲಸಚಿವರು ಕುಲಪತಿಗಳ ಕಿವಿಯಲ್ಲಿ ಉಸುರಿದರು, ಅನಂತರ ಆಳೆತ್ತರದ ಹಿತ್ತಾಳೆ ದೀಪಸ್ತಂಭವನ್ನು ಇಬ್ಬರು ಅಟೆಂಡರುಗಳು ಎತ್ತಿಕೊಂಡು ಉತ್ಸವಮೂರ್ತಿಯಂತೆ ಸಭಾಂಗಣದ ನಡುದಾರಿಯಲ್ಲಿ ಹೊರಗೆ ಹೊರಟರು. ಹಿಂದೆ ಗಣ್ಯರು, ಅವರ ಹಿಂದೆ ಸ್ವಾಗತಕ್ಕೆಂದು ಆರತಿ ತಟ್ಟೆ ಹಿಡಿದು ನಿಂತಿದ್ದ ಬಿ.ಇಡಿ. ವಿದ್ಯಾರ್ಥಿನಿಯರು, ಯಾರೂ ಬೇಡವೆನ್ನದ ಕಾರಣ. ಎಲ್ಲರ ಹಿಂದೆ ಬ್ಯಾನರು. ನೆಲಕ್ಕೆ ಎಣ್ಣೆ ಚೆಲ್ಲುತ್ತಾ ಹೋಯಿತು. ಬಯಲಲ್ಲಿ ಗಾಳಿ ಬೀಸುತ್ತಿದ್ದುದರಿಂದ ಬತ್ತಿ ಹೊತ್ತಲೊಲ್ಲದು, ಹೊತ್ತಿದ್ದು ನಿಲ್ಲಲೊಲ್ಲದು. ಕೊನೆಗೆ ಕುಲಪತಿಗಳು ತಮ್ಮ ಗೌನಿನ ಅಂಚನ್ನು ಅಡ್ಡ ಹಿಡಿದು, ಮುಖ್ಯ ಅತಿಥಿಗಳು ಕುಕ್ಕರುಗಾಲಿನಲ್ಲಿ ಕುಳಿತು, ಬೆಂಕಿಕಡ್ಡಿಗಳ ಪೊಟ್ಟಣವೇ ಮುಗಿಯುವ ವೇಳೆಗೆ ದೀಪ ಹೊತ್ತಿತು. ‘ಉಪಗ್ರಹ ಸಿಕ್ತಾ?’ ಎಂದು ಯಾರೋ ಕೇಳಿದರು. ಸಿಕ್ಕಿತ್ತು. ಆದರೆ ಬ್ಯಾನರು ಗಾಳಿಗೆ ಮಡಿಸಿಕೊಂಡು ‘ಶಿಕ್ಷಣ’ ಎಂಬ ಭಾಗ ಕಾಣುತ್ತಿರಲಿಲ್ಲ. ಆದ್ದರಿಂದ ಉದ್ಘಾಟನೆ ಇನ್ನೊಮ್ಮೆ ನಡೆಯಿತು. ಒಳಗೆ ಉಳಿದಿದ್ದ ವಿದ್ಯಾರ್ಥಿಗಳು ಈ ನಡುವೆ ಹಿಂಬಾಗಿಲಿನಿಂದ ಕ್ಯಾಂಟೀನಿಗೆ ಹೋಗಿಬಿಟ್ಟಿದ್ದರು, ಮುಖ್ಯ ಅತಿಥಿಗಳು ಕಲೆಯು ಸಮಾಜದ ಬೆಳಕೆಂದು ಮಾತಾಡುವಾಗ ಮುಂದಿನ ಎರಡು ಸಾಲುಗಳಲ್ಲಿ ನಾವು ಅಧ್ಯಾಪಕರೇ ಕುಳಿತು ಜನ ತುಂಬಿದಂತೆ ತೋರಿಸಿಕೊಟ್ಟೆವು.

ದೆಹಲಿಯಲ್ಲಿ ಮೊದಲ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ನಡೆದದ್ದು 1954ರಲ್ಲಿ. ಈಗಿನ ಯುವಜನೋತ್ಸವದ ನಿಯಮಗಳನ್ನೇ ನಾವೂ ಅನುಸರಿಸುತ್ತೇವೆ: ಮೂಕಾಭಿನಯಕ್ಕೆ 5 ನಿಮಿಷ, ಪ್ರಹಸನಕ್ಕೆ 10, ಏಕಾಂಕಕ್ಕೆ 30. ಮೀರಿದರೆ ಅಂಕ ಕಡಿತ. ಮಕ್ಕಳಿಗೆ ಎಚ್ಚರಿಕೆಯ ಗಂಟೆ ಬಾರಿಸಲು ಮೇಜಿನ ಮೇಲೆ ಗಂಟೆಯನ್ನೂ ಇಟ್ಟಿರುತ್ತಾರೆ. ಉದ್ಘಾಟನಾ ಭಾಷಣಕ್ಕೆ ಮಾತ್ರ ಯಾವ ನಿಯಮಾವಳಿಯೂ ಗಂಟೆಯನ್ನು ಒದಗಿಸಿಲ್ಲ. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ಆರಂಭವಾಗಬೇಕಿದ್ದ ಏಕಾಂಕ ನಾಟಕಗಳು ಸಂಜೆಗೆ ಸರಿದು, ಬಣ್ಣ ಹಚ್ಚಿಕೊಂಡ ದುರ್ಯೋಧನನೊಬ್ಬ ಮೆಟ್ಟಿಲ ಮೇಲೆ ಕುಳಿತು, ಮೀಸೆ ಕೀಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡು ಪಲಾವು ತಿನ್ನುತ್ತಿದ್ದ.

ಕಂಸಾಳೆ ತಂಡವನ್ನು ಕರೆಸಿದ್ದು ನಾನು. ಚಾಮರಾಜನಗರದ ಕಡೆಯವರು, ಮಾದಪ್ಪನ ಒಕ್ಕಲು, ನನ್ನ ಹಳೆಯ ಪರಿಚಯ. ಬೀಸು ಕಂಸಾಳೆಯನ್ನು ನೋಡಿದವರಿಗೆ ಗೊತ್ತು: ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ, ಅದನ್ನು ಬೀಸಿ, ಮೈಯನ್ನು ಬಗ್ಗಿಸಿ, ಬೆನ್ನ ಹಿಂದೆ, ತಲೆಯ ಮೇಲೆ, ಕಾಲ ಸಂದಿನಲ್ಲಿ, ಲಯಕ್ಕೆ ಸರಿಯಾಗಿ ಬಟ್ಟಲಿಗೆ ತಾಗಿಸಬೇಕು. ಬೀಸು ನಿಂತರೆ ಕಲೆಯೂ ನಿಂತಿತು. ಬಿಸಿಲೆಂದು ಅವರನ್ನು ಸಭಾಂಗಣದೊಳಗೇ ಕುಣಿಸಿದೆವು. ತಾಳಗಳು ತಾರಕಕ್ಕೇರಿ, ಕ್ಯಾಂಟೀನಿನಿಂದ ಹುಡುಗರೂ ಓಡಿಬಂದು, ಉತ್ಸವ ಉತ್ಸವವಾಗತೊಡಗಿದ ಆ ಗಳಿಗೆಯಲ್ಲಿ ಸಂಚಾಲಕರು ಕೈಯೆತ್ತಿದರು. “ಯಜಮಾನ್ರೇ, ಒಂದ್ ನಿಮಿಷ. ಅದು ಮೇಲಿರುವಾಗ ಹಾಗೇ ನಿಲ್ಸಿ, ಫೋಟೋ ಶೇಕ್ ಆಗ್ತಿದೆ.”

ತಂಡದ ಹಿರಿಯರು ಬೆವರು ಒರೆಸಿಕೊಂಡು ಅವರನ್ನೇ ನೋಡಿದರು. “ಬೀಸಿದ್ಮೇಲೆ ಅದು ನಿಂತ್ಕಳಲ್ಲ, ಸ್ವಾಮಿ.”

ಆದರೂ ನಿಲ್ಲಿಸಿದರು. ಹತ್ತು ಜನ ಬಲಗೈ ಎತ್ತಿ ನಿಂತರು, ಹತ್ತು ತಾಳಗಳು ದಾರದ ತುದಿಯಲ್ಲಿ ನೆಟ್ಟಗೆ ಕೆಳಗೆ ಜೋತುಬಿದ್ದವು. ಆ ಚಿತ್ರ ವಾಟ್ಸಾಪ್ ಗುಂಪಿನಲ್ಲಿದೆ. ಅಡಿಬರಹ, ‘ಬೀಸು ಕಂಸಾಳೆಯ ರೋಮಾಂಚಕ ದೃಶ್ಯ.’

ಅದೇ ಹೊತ್ತಿಗೆ ಮೇಲಿನ ಮಹಡಿಯ ಒಂದು ಕೊಠಡಿಯಲ್ಲಿ ಬೋಧನೋಪಕರಣಗಳ ಪ್ರದರ್ಶನ ನಡೆಯುತ್ತಿತ್ತು. ನಾನು ಹೋದಾಗ ಅಲ್ಲಿ ಇದ್ದದ್ದು ಒಬ್ಬ ಬಿ.ಇಡಿ. ವಿದ್ಯಾರ್ಥಿನಿ ಮತ್ತು ಒಂದು ಫ್ಯಾನು. ಆಕೆ ಹಳೆಯ ರಟ್ಟಿನ ಮೇಲೆ ಕರ್ನಾಟಕದ ನಕ್ಷೆಗೆ ಒರಟು ಬಟ್ಟೆ ಅಂಟಿಸಿ, ನದಿಗಳನ್ನು ಉಲ್ಲನ್ ದಾರದಲ್ಲಿ ಹೊಲಿದಿದ್ದಳು. ಕಣ್ಣು ಕಾಣದ ಮಕ್ಕಳು ಬೆರಳಾಡಿಸಿ ಓದಲೆಂದು. ತಲಕಾವೇರಿಯಲ್ಲಿ ಒಂದೆಳೆಯಾಗಿದ್ದ ದಾರ, ಹೇಮಾವತಿ ಸೇರಿದಲ್ಲಿ ದಪ್ಪವಾಗಿ, ಕಬಿನಿ ಸೇರಿದಲ್ಲಿ ಇನ್ನಷ್ಟು ದಪ್ಪವಾಗಿ, ಶಿವನಸಮುದ್ರದಲ್ಲಿ ಎರಡಾಗಿ ಸೀಳಿ ಮತ್ತೆ ಕೂಡುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿದೆ. ಮೂವತ್ತು ಚಿಲ್ಲರೆ ವರ್ಷ ಗೋಡೆಗೆ ನಕ್ಷೆ ನೇತುಹಾಕಿ ಪಾಠ ಮಾಡಿದ ನನಗೆ ಕಾವೇರಿ ಇಷ್ಟು ಚೆನ್ನಾಗಿ ಗೊತ್ತಿರಲಿಲ್ಲ. “ಯಾರಾದ್ರೂ ನೋಡಿದ್ರಾ ಅಮ್ಮಾ?” ಎಂದೆ. “ಒಬ್ರು ಬಂದಿದ್ರು ಸರ್. ಬ್ಯಾನರ್ ಇಲ್ಲ ಅಂತ ವಾಪಸ್ ಹೋದ್ರು.”

ಮೈಸೂರು ವಿಶ್ವವಿದ್ಯಾಲಯವು 1930ರ ದಶಕದಲ್ಲಿ ತನ್ನ ಅಧ್ಯಾಪಕರನ್ನು ಹಳ್ಳಿಹಳ್ಳಿಗೆ ಕಳುಹಿಸಿ ಕನ್ನಡದಲ್ಲಿ ಉಪನ್ಯಾಸ ಕೊಡಿಸುತ್ತಿತ್ತು. ಅವನ್ನು ಪುಟ್ಟ ಪುಸ್ತಕಗಳಾಗಿ ಅಚ್ಚು ಹಾಕಿ ಅಗ್ಗದ ಬೆಲೆಗೆ ಹಂಚುತ್ತಿತ್ತು. ನನ್ನ ಕಪಾಟಿನಲ್ಲಿ ಅಂಥ ಕೆಲವು ಪುಸ್ತಕಗಳಿವೆ. ಅವುಗಳಲ್ಲಿ ಫೋಟೋ ಇಲ್ಲ, ಅಕ್ಷಾಂಶ ರೇಖಾಂಶಗಳಿಲ್ಲ. ಉಪನ್ಯಾಸ ನಡೆದದ್ದಕ್ಕೆ ಪುರಾವೆಯಾಗಿ ಆ ಉಪನ್ಯಾಸವೇ ಇದೆ. ಇಂದು ನಮ್ಮ ಉತ್ಸವದ ವರದಿ ಸಿದ್ಧವಾಗುತ್ತಿದ್ದು, ಅದರಲ್ಲಿ ಆ ನಕ್ಷೆಯ ಹುಡುಗಿ ಎಲ್ಲಿಯೂ ಬರುವುದಿಲ್ಲ. ಆರತಿ ತಟ್ಟೆ ಹಿಡಿದ ಸಾಲಿನಲ್ಲಿ ಅರ್ಧ ಮುಖ ಬಂದಿರಬಹುದು.

ನಿನ್ನೆ ಇನ್ನೊಂದು ಸುದ್ದಿ ಬಂತು. ಕಂಸಾಳೆ ತಂಡದ ಗೌರವಧನದ ಬಿಲ್ಲನ್ನು ಲೆಕ್ಕಪತ್ರ ಶಾಖೆಯವರು ಆಕ್ಷೇಪಣೆಯೊಂದಿಗೆ ಹಿಂದಿರುಗಿಸಿದ್ದಾರೆ. ಪ್ಯಾನ್ ಕಾರ್ಡಿನ ಪ್ರತಿ ಇದೆ, ಪಾಸ್‌ಬುಕ್ಕಿನ ಪ್ರತಿ ಇದೆ, ಮೂರು ಪ್ರತಿಗಳಲ್ಲಿ ರಸೀದಿಯೂ ಇದೆ. ಆದರೆ ಲಗತ್ತಿಸಿದ ಫೋಟೋದ ವಿಳಾಸ ‘ಪಶು ಆಸ್ಪತ್ರೆ ರಸ್ತೆ’ ಎಂದಿರುವುದರಿಂದ, ಕಾರ್ಯಕ್ರಮ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯಿತೆಂಬುದು ದೃಢಪಟ್ಟಿಲ್ಲವಂತೆ. ದೀಪ ಹೊರಗೆ ತಂದವರಿಗೆ ಕಂಸಾಳೆಯವರನ್ನು ಹೊರಗೆ ತರಬೇಕೆಂದು ಹೊಳೆದಿರಲಿಲ್ಲ. ಸಂಚಾಲಕರು ತಮ್ಮ ಎಂದಿನ ಸಜ್ಜನಿಕೆಯಿಂದ ಪರಿಹಾರವನ್ನೂ ಸೂಚಿಸಿದರು: ತಂಡದವರು ಒಂದು ದಿನ ಬಂದು ಬಯಲಲ್ಲಿ ನಿಂತು ಹೋದರೆ ಸಾಕು, ಕುಣಿಯಬೇಕಾಗಿಲ್ಲ.

ಈ ಮಾತನ್ನು ತಂಡದ ಹಿರಿಯರಿಗೆ ಫೋನಿನಲ್ಲಿ ಹೇಳುವ ಹೊಣೆ ನನಗೇ ಬಂತು. ಅವರು ಪೂರ್ತಿ ಕೇಳಿಸಿಕೊಂಡರು. “ಪಟ ತಪ್ಪಾಗಿರದು ನಿಮ್ದು, ಕಾಸು ನಿಂತಿರದು ನಮ್ದಾ ಸ್ವಾಮಿ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲವಾಗಿ ಕುಲಸಚಿವರ ಕಚೇರಿಯ ನಂಬರನ್ನು ಕೊಟ್ಟಿದ್ದೇನೆ. ಅದನ್ನು ಹುಡುಕುವುದು ಕಷ್ಟವಾಗಲಿಲ್ಲ; ಬ್ಯಾನರಿನ ಕೆಳಗಡೆ, ಪ್ರತಿಯೊಂದು ಫೋಟೋದಲ್ಲಿಯೂ, ಸ್ಪಷ್ಟವಾಗಿ ಕಾಣಿಸುತ್ತಿದೆ.